ಕುಲೆಗಳನ್ನು ಕಾಣುವ ಹದಿನೈದರ ಹುಡುಗಿ: ತುಳುನಾಡಿನ ಕಾದಂಬರಿಯೊಂದಕ್ಕೆ ತಿಳಿದವರ ನೆರವು ಬೇಕು

ಪ್ರಶ್ನೆ: ಘಟ್ಟದ ಮೇಲಿನವಳು

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಒಂಬತ್ತು ವರ್ಷಗಳಿಂದ ಪುತ್ತೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಹದಿಮೂರರಿಂದ ಹದಿನಾರು ವರ್ಷದ ಮಕ್ಕಳಿಗಾಗಿ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಕಥಾನಾಯಕಿ ಹದಿನೈದು ವರ್ಷದ ಹುಡುಗಿ, ನೇತ್ರಾವತಿಯ ಬದಿಯ ಒಂದು ಹಳ್ಳಿಯವಳು. ತೀರಿಕೊಂಡವರು, ತುಳುವಿನಲ್ಲಿ ಹೇಳುವುದಾದರೆ ಕುಲೆಗಳು, ಅವಳ ಕಣ್ಣಿಗೆ ಬೀಳುತ್ತಾರೆ, ತಮಗೆ ಏನು ಬೇಕೆಂದು ಅವಳಲ್ಲಿ ಕೇಳುತ್ತಾರೆ, ಅವಳು ಕೈಲಾದ ಸಹಾಯ ಮಾಡುತ್ತಾಳೆ.

ಎಂಬತ್ತು ಪುಟ ಬರೆದ ಮೇಲೆ ಹಸ್ತಪ್ರತಿಯನ್ನು ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿಗೆ ಓದಲು ಕೊಟ್ಟೆ. ನನ್ನ ಕಥೆಯಲ್ಲಿ ಬರುವ ದೆವ್ವಗಳೆಲ್ಲ ಅನ್ಯಾಯವಾಗಿ ಸತ್ತವರು. ಹುಡುಗಿ ತಪ್ಪಿತಸ್ಥರನ್ನು ಪತ್ತೆ ಮಾಡುತ್ತಾಳೆ, ಸತ್ತವರಿಗೆ ಬಿಡುಗಡೆಯಾಗುತ್ತದೆ, ಒಂದು ಬೆಳಕು ಕಾಣಿಸಿಕೊಂಡು ಅವರು ಅದರೊಳಕ್ಕೆ ನಡೆದುಹೋಗುತ್ತಾರೆ. ಆ ವಿದ್ಯಾರ್ಥಿನಿ ಎರಡು ದಿನದಲ್ಲಿ ಓದಿ ಮುಗಿಸಿ, ಬಹಳ ವಿನಯದಿಂದ ಒಂದೇ ಒಂದು ಮಾತು ಕೇಳಿದಳು: "ಟೀಚರ್, ನಮ್ಮ ಕುಲೆಗಳು ಎಲ್ಲಿಗೂ ಹೋಗುವುದಿಲ್ಲವಲ್ಲ? ಅವರು ಮನೆಯಲ್ಲೇ ಇರುತ್ತಾರಲ್ಲ?"

ಆ ಪ್ರಶ್ನೆಯ ಮುಂದೆ ನನ್ನ ಎಂಬತ್ತು ಪುಟಗಳೂ ಬಿದ್ದುಹೋದವು. ಬೇರೆಲ್ಲಿಯೋ ಓದಿದ, ನೋಡಿದ ಕಥೆಗಳ ಅಚ್ಚಿನಲ್ಲಿ ಇಲ್ಲಿನ ಊರಿನ ಹೆಸರುಗಳನ್ನು ಎರೆದಿದ್ದೇನೆ ಎಂಬುದು ಆಗ ಅರ್ಥವಾಯಿತು. ನಮ್ಮ ಕಡೆಯ ಮಹಾಲಯ ಅಮಾವಾಸ್ಯೆಯ ಎಡೆ ನನಗೆ ಗೊತ್ತು. ಅಜ್ಜನಿಗೆಂದು ಹೊಸ ಪಂಚೆ, ಅವರು ಇಷ್ಟಪಡುತ್ತಿದ್ದ ಕೋಳಿ ಸಾರು, ಒಂದು ಕಟ್ಟು ಬೀಡಿ ಇಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಕಾಯುತ್ತಿದ್ದ ಆ ಐದು ನಿಮಿಷಗಳ ಮೌನ ನನಗೆ ಇಂದಿಗೂ ನೆನಪಿದೆ. ಆದರೆ ಇಲ್ಲಿನ ಆಟಿ ತಿಂಗಳು, ಕುಲೆಗಳಿಗೆ ಬಡಿಸುವ ಕ್ರಮ, ತೀರಿಕೊಂಡವರ ಮದುವೆ, ಇವನ್ನೆಲ್ಲ ನಾನು ಹೊರಗಿನಿಂದ ಕಂಡಿದ್ದೇನೆಯೇ ಹೊರತು ಒಳಗಿನಿಂದ ಅಲ್ಲ. 2024ರಲ್ಲಿ ಇದೇ ಪುತ್ತೂರಿನ ಕಡೆಯ ಒಂದು ಕುಟುಂಬ, ಸುಮಾರು ಮೂವತ್ತು ವರ್ಷಗಳ ಹಿಂದೆ ತೀರಿಕೊಂಡ ತಮ್ಮ ಹೆಣ್ಣುಮಗುವಿಗೆ ಅಷ್ಟೇ ವರ್ಷಗಳ ಹಿಂದೆ ತೀರಿಕೊಂಡ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಾಗ ದೇಶವೆಲ್ಲ ಅದನ್ನು ಸೋಜಿಗದ ಸುದ್ದಿಯಾಗಿ ಹಂಚಿಕೊಂಡಿತು. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಇಲ್ಲಿನವರು ಮಾತ್ರ ಯಾವ ಸೋಜಿಗವೂ ಇಲ್ಲದೆ, 'ಬರಿ' (ಗೋತ್ರದಂತೆ ಇಲ್ಲಿನ ಕುಟುಂಬಗಳ ಬಳಿ) ಹೊಂದುತ್ತದೆಯೇ ಎಂದು ವಿಚಾರಿಸುತ್ತಿದ್ದರು.

ಇಲ್ಲಿನ ನಂಬಿಕೆಯಲ್ಲಿ ಸತ್ತವರು ನಿಜವಾಗಿ ಬಯಸುವುದೇನು? ಹದಿನೈದರ ಹುಡುಗಿಯೊಬ್ಬಳು ಅವರಿಗೆ ಮಾಡಬಹುದಾದ ಸಹಾಯವೆಂದರೆ ಯಾವುದು? ಇಂಥ ಕಥೆಯಿಂದ ಇಲ್ಲಿನ ಮನೆಗಳಿಗೆ ನೋವಾದೀತೇ ಎಂಬ ಅಳುಕೂ ನನ್ನಲ್ಲಿದೆ. ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಪಾಲೆಮರ

ಮೊದಲು ಪದಗಳ ಬಗ್ಗೆ. ನಿಮ್ಮ ಪ್ರಶ್ನೆಯಲ್ಲಿ 'ದೆವ್ವ' ಮತ್ತು 'ಕುಲೆ' ಎರಡೂ ಬಂದಿವೆ. ಕಾದಂಬರಿಯಲ್ಲಿ ಇವೆರಡನ್ನೂ ಒಂದೇ ಎಂಬಂತೆ ಬಳಸಬೇಡಿ. ಹಾಗೆಯೇ 'ಭೂತ' ಎಂಬ ಪದವನ್ನು ಬಹಳ ಎಚ್ಚರಿಕೆಯಿಂದ ಬಳಸಿ. ಘಟ್ಟದ ಮೇಲೆ ಭೂತವೆಂದರೆ ಹೆದರಿಸುವ ಪಿಶಾಚಿ. ನಮ್ಮಲ್ಲಿ ಅದು ದೈವ. ಅದಕ್ಕೆ ಸ್ಥಾನವಿದೆ, ಕೋಲವಿದೆ, ನುಡಿಯಿದೆ, ಊರಿನ ನ್ಯಾಯ ತೀರ್ಮಾನದಲ್ಲಿ ಅದರ ಮಾತಿಗೆ ತೂಕವಿದೆ. ಕುಲೆ ಎಂದರೆ ನಮ್ಮ ಮನೆಯಲ್ಲಿ ಹುಟ್ಟಿ, ಬದುಕಿ, ತೀರಿಕೊಂಡ ನಮ್ಮವರೇ. ಅನ್ಯಾಯವಾಗಿ ಸತ್ತ ಮನುಷ್ಯರು ದೈವವಾದ ಕಥೆಗಳು ಪಾಡ್ದನಗಳಲ್ಲಿ, ಅಂದರೆ ತುಳುವಿನ ಕಥನಗೀತೆಗಳಲ್ಲಿ, ಹೇರಳವಾಗಿವೆ. ಕಾರ್ಕಳದ ಅರಸನಿಗಾಗಿ ಗೊಮ್ಮಟನನ್ನು ಕಡೆದ ಮೇಲೆ ಅದೇ ಅರಸನಿಂದ ಕೈಕಾಲು ಕಡಿಸಿಕೊಂಡ ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿ ಹಾಗೆ ಮಾಯವಾಗಿ ದೈವಗಳಾದವರು. ಆ ಗೊಮ್ಮಟ 1432ರಿಂದ ಅಲ್ಲಿಯೇ ನಿಂತಿದ್ದಾನೆ, ಅಣ್ಣತಂಗಿಯರು ಊರೂರಿನಲ್ಲಿ ಕೋಲ ಪಡೆಯುತ್ತಿದ್ದಾರೆ. ಅಂಥವರಿಗೆ ಒಬ್ಬ ಹುಡುಗಿಯ ಸಹಾಯ ಬೇಕಿಲ್ಲ. ಅವಳೇ ಅವರ ಅಭಯ ಕೇಳಬೇಕು. ನಿಮ್ಮ ನಾಯಕಿಯ ಬಳಿಗೆ ಬರಬೇಕಾದವರು ಕುಲೆಗಳು.

ಇನ್ನು ನಿಮ್ಮ ವಿದ್ಯಾರ್ಥಿನಿಯ ಮಾತು. ಅವಳು ಹೇಳಿದ್ದು ಅಕ್ಷರಶಃ ಸರಿ. ಸಾವಿನ ನಂತರದ ಕ್ರಿಯೆಗಳಲ್ಲಿ ನಮ್ಮ ಹಲವು ಸಮುದಾಯಗಳಲ್ಲಿ 'ಉಲಾಯಿ ಲೆಪ್ಪುನಿ' ಎಂಬುದೊಂದಿದೆ. ಹಾಗೆಂದರೆ ಒಳಗೆ ಕರೆಯುವುದು. ತೀರಿಕೊಂಡವರನ್ನು ಹೆಸರು ಹಿಡಿದು ಕರೆದು, ಹೊರಗೆ ನಿಂತಿರುವವರನ್ನು ಮನೆಯೊಳಕ್ಕೆ ಬರಮಾಡಿಕೊಂಡು, ಮೊದಲೇ ಹೋದ ಹಿರಿಯರ ಸಾಲಿನಲ್ಲಿ ಸೇರಿಸುತ್ತಾರೆ. ನೀವು ಬರೆದ ಬೆಳಕಿನ ದಾರಿ ಹೊರಕ್ಕೆ ಹೋಗುವ ದಾರಿ. ನಮ್ಮ ದಾರಿ ಒಳಕ್ಕೆ ಬರುವುದು. ಇಡೀ ಕಾದಂಬರಿಯ ದಿಕ್ಕೇ ಇದರಿಂದ ತಿರುಗುತ್ತದೆ ಎಂದು ನನಗೆ ಅನಿಸುತ್ತದೆ.

ಕುಲೆಗಳು ಬಯಸುವುದು ಬಹಳ ಸಣ್ಣ ಸಂಗತಿಗಳನ್ನು. ಆಟಿಯಲ್ಲಿ ಬಾಳೆಲೆಯ ಮೇಲೆ ಒಂದು ಊಟ, ದೀಪಾವಳಿಯ ಪರ್ಬದಲ್ಲಿ ನೆನಪು, ತಮ್ಮ ಪಾಲಿಗೆ ಬರಬೇಕಾಗಿದ್ದ ಕ್ರಮಗಳು ತಪ್ಪದಿರುವುದು. ಅದು ತಪ್ಪಿದಾಗ ಮನೆಯಲ್ಲಿ ಮದುವೆ ಮುರಿಯುವುದು, ಕಾಯಿಲೆ ನಿಲ್ಲದಿರುವುದು, ಕನಸಿನಲ್ಲಿ ಒಬ್ಬರೇ ಮತ್ತೆ ಮತ್ತೆ ಬರುವುದು ಇತ್ಯಾದಿ ಸೂಚನೆಗಳು ಕಾಣಿಸಿಕೊಳ್ಳುತ್ತವೆ ಎಂದು ಹಿರಿಯರು ನಂಬುತ್ತಾರೆ. ಆಗ ಬಲ್ಮೆ ನೋಡುವವರ, ಅಂದರೆ ಕವಡೆ ಹಾಕಿ ನೋಡಿ ಹೇಳುವವರ ಬಳಿಗೆ ಹೋಗಿ, ಯಾರು, ಏನು ಕೇಳುತ್ತಿದ್ದಾರೆ ಎಂದು ತಿಳಿದುಕೊಳ್ಳುತ್ತಾರೆ. ಇಲ್ಲಿ ನಿಮ್ಮ ಕಥೆಗೊಂದು ನಿಜವಾದ ತೊಡಕು ಸಿಗುತ್ತದೆ. ಮನೆಯಲ್ಲಿಯೇ ಒಬ್ಬ ಹುಡುಗಿ ಕುಲೆಯನ್ನು ಕಣ್ಣಾರೆ ಕಂಡು, "ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದಾಳೆ, ಅವಳಿಗೆ ಹಸಿವಾಗಿದೆ" ಎಂದು ನೇರವಾಗಿ ಹೇಳಿದರೆ, ಕವಡೆ ಹಾಕಿ ನೋಡುವವರಿಗೂ, ಯಜಮಾನಿಕೆ ನಡೆಸುವ ಮಾವನಿಗೂ ಅದು ಇರುಸುಮುರುಸಿನ ವಿಷಯವಾಗುತ್ತದೆ. ಹದಿನೈದರ ಹುಡುಗಿಗೆ ಅಂಥ ಮಾತಿನ ಅಧಿಕಾರವನ್ನು ಯಾರು ಕೊಡುತ್ತಾರೆ? ಕೊಲೆಗಾರನ ಹುಡುಕಾಟಕ್ಕಿಂತ ಇದು ಹೆಚ್ಚು ಗಟ್ಟಿಯಾದ ಸಂಘರ್ಷ.

ಬರಿಯ ಬಗ್ಗೆಯೂ ಗಮನವಿರಲಿ. ಅಳಿಯಸಂತಾನದ ಕುಟುಂಬಗಳಲ್ಲಿ ಬರಿ ತಾಯಿಯಿಂದ ಬರುತ್ತದೆ. ಒಂದೇ ಬರಿಯವರ ನಡುವೆ ಬದುಕಿದ್ದವರಿಗೂ ಮದುವೆಯಿಲ್ಲ, ತೀರಿಕೊಂಡವರಿಗೂ ಇಲ್ಲ. ನಾಯಕಿಯ ತಾಯಿಯ ಮನೆಯ ಕುಲೆಗಳು ಅವಳವರು. ತಂದೆಯ ಮನೆಯ ಕುಲೆಗಳ ಮುಂದೆ ಅವಳು ನಂಟರ ಹುಡುಗಿ ಮಾತ್ರ. ಈ ವ್ಯತ್ಯಾಸ ತಪ್ಪಿದರೆ ಇಲ್ಲಿನ ಓದುಗರು ಪುಸ್ತಕವನ್ನು ಅಲ್ಲಿಯೇ ಮುಚ್ಚುತ್ತಾರೆ.

ಉತ್ತರ: ಚೆನ್ನೆಮಣೆ

ನಾನು ಬೆಳ್ತಂಗಡಿಯ ಕಡೆಯವಳು. ಮದುವೆಯಾದಂದಿನಿಂದ ಮುಂಬಯಿಯಲ್ಲಿದ್ದೇನೆ. ನಿಮ್ಮ ಪ್ರಶ್ನೆಯನ್ನು ಓದಿದ ಮೇಲೆ ಎರಡು ದಿನ ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ, ಏಕೆಂದರೆ ನಿಮ್ಮ ನಾಯಕಿಯ ವಯಸ್ಸಿನಲ್ಲಿ ನಾನು ಒಂದು ಮುಚ್ಚಿದ ಬಾಗಿಲಿನ ಹೊರಗೆ ಕುಳಿತಿದ್ದೆ.

1996ರ ಆಟಿ. ನನಗೆ ಹದಿನಾಲ್ಕು ವರ್ಷ. ನನ್ನ ಅಮ್ಮನ ತಂಗಿಯೊಬ್ಬಳು 1970ರಲ್ಲಿ, ಹುಟ್ಟಿದ ಹತ್ತನೆಯ ದಿನಕ್ಕೆ ತೀರಿಕೊಂಡಿದ್ದಳು. ಆ ವರ್ಷ ಅವಳ ಮದುವೆ ನಿಶ್ಚಯವಾಯಿತು. ಗಂಡು ಪಕ್ಕದ ಗ್ರಾಮದವನು, ನಾಲ್ಕು ವರ್ಷದವನಿದ್ದಾಗ ಕೆರೆಯಲ್ಲಿ ಮುಳುಗಿ ತೀರಿಕೊಂಡವನು. ಎರಡೂ ಕಡೆಯವರು ಕುಳಿತು ಬರಿ, ವಯಸ್ಸು, ಮನೆತನ ಎಲ್ಲವನ್ನೂ ವಿಚಾರಿಸಿದರು. ಗಂಡಿನ ಮನೆಯವರು ಧಾರೆ ಸೀರೆ ತಂದರು. ನಡುಮನೆಯಲ್ಲಿ ಎರಡು ಮಣೆ ಹಾಕಿ, ಒಂದರ ಮೇಲೆ ಸೀರೆ, ರವಿಕೆಯ ಬಟ್ಟೆ, ಬಳೆ, ಮಲ್ಲಿಗೆ ಹೂವಿನ ಕಟ್ಟು. ಮತ್ತೊಂದರ ಮೇಲೆ ಪಂಚೆ, ಶಲ್ಯ. ಇಷ್ಟನ್ನು ಕಂಡದ್ದು ಬೆಳಗ್ಗೆ ಹೂವು ತಂದುಕೊಡಲು ಹೋದಾಗ. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ಕುಲೆ ಮದಿಮೆಯನ್ನು ಮಕ್ಕಳೂ ಮದುವೆಯಾಗದವರೂ ನೋಡಬಾರದು.

ನಿಮ್ಮ ಕಾದಂಬರಿಯ ಜೀವ ಈ ನಿಷೇಧದಲ್ಲಿದೆ ಎಂದು ನಾನು ಭಾವಿಸುತ್ತೇನೆ. ಒಳಗೆ ಕುಳಿತ ಹಿರಿಯರು ನೋಡುತ್ತಿರುವುದು ಎರಡು ಮಣೆ ಮತ್ತು ಒಂದಿಷ್ಟು ಬಟ್ಟೆಯನ್ನು. ಮದುಮಗಳನ್ನೂ ಮದುಮಗನನ್ನೂ ಕಾಣಬಲ್ಲವಳು ಒಬ್ಬಳೇ, ಅವಳನ್ನು ಬಾಗಿಲ ಹೊರಗೆ ಕೂರಿಸಿದ್ದಾರೆ. ನಿಮ್ಮ ಹುಡುಗಿ ಏನು ಮಾಡುತ್ತಾಳೆ? ಕಿಟಕಿಯಿಂದ ಇಣುಕುತ್ತಾಳೆಯೇ? ಅಥವಾ ಮದುಮಗಳೇ ಎದ್ದು ಹೊರಗೆ ಬಂದು ಅವಳ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆಯೇ? ನಾನು ಅಂದು ಅಂಗಳದ ಚಪ್ಪರದ ಕೆಳಗೆ ಕುಳಿತು, ಮಳೆಯ ಸದ್ದಿನಲ್ಲಿ ಒಳಗಿನ ಮಾತುಗಳನ್ನು ಕೇಳಲು ಹೆಣಗುತ್ತಿದ್ದೆ. ಕೇಳಿದ್ದು ಅಜ್ಜಿಯ ದನಿ ಮಾತ್ರ. ಮಗಳನ್ನು ಕಳಿಸಿಕೊಡುವ ತಾಯಿಯೊಬ್ಬಳು ಅಳುವಂತೆಯೇ ಅವರು ಅಳುತ್ತಿದ್ದರು. ಇಪ್ಪತ್ತಾರು ವರ್ಷ ಅವರು ಆ ಮಗುವಿಗಾಗಿ ಯಾರ ಎದುರಿಗೂ ಅತ್ತಿರಲಿಲ್ಲ ಎಂದು ಅಮ್ಮ ಆಮೇಲೆ ಹೇಳಿದಳು.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿದ್ದೀರೋ ಇಲ್ಲವೋ ತಿಳಿಯದು. ನಮ್ಮಲ್ಲಿ ಸತ್ತವರು ಸತ್ತ ವಯಸ್ಸಿನಲ್ಲಿಯೇ ನಿಂತುಬಿಡುವುದಿಲ್ಲ. ಅವರು ಬೆಳೆಯುತ್ತಾರೆ. ಹತ್ತು ದಿನದ ಮಗುವಿಗೆ ಯಾರೂ ಮದುವೆ ಮಾಡುವುದಿಲ್ಲ. ಅವಳು ಅಲ್ಲಿ, ಮಾಯದಲ್ಲಿ, ನಮ್ಮ ಲೆಕ್ಕದ ವರ್ಷಗಳಲ್ಲಿಯೇ ದೊಡ್ಡವಳಾಗಿ ಮದುವೆಯ ವಯಸ್ಸಿಗೆ ಬಂದಳೆಂದೇ ಮದುವೆ. ನೀವು ಹೇಳಿದ ಆ ಜಾಹೀರಾತಿನಲ್ಲಿ ಅಷ್ಟೇ ವರ್ಷಗಳ ಹಿಂದೆ ತೀರಿಕೊಂಡ ವರನನ್ನು ಕೇಳಿದ್ದು ಅದಕ್ಕಾಗಿಯೇ. ಹಾಗಾಗಿ ನಿಮ್ಮ ಹುಡುಗಿಗೆ ಕಾಣಿಸುವ ಚಿಕ್ಕಮ್ಮ ತೊಟ್ಟಿಲ ಕೂಸಾಗಿರಬಾರದು. ಮನೆಯಲ್ಲಿ ಯಾರೂ ನೋಡಿರದ ಮುಖದ, ಅಮ್ಮನ ಹೋಲಿಕೆಯ, ಬೆಳೆದ ಹೆಂಗಸಾಗಿರಬೇಕು. ಅವಳನ್ನು ನೋಡಿ ಹುಡುಗಿಗೆ ಗುರುತೇ ಸಿಗದಿರಬೇಕು.

ಆಟಿಯ ವಿಷಯದಲ್ಲಿ ಸ್ವಲ್ಪ ವಿವರ ಕೊಡುತ್ತೇನೆ, ನೀವು ಒಂಬತ್ತು ವರ್ಷ ಇದ್ದರೂ ಇವು ಮನೆಯೊಳಗಿನ ಮಾತುಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಈ ತಿಂಗಳಲ್ಲಿ ಬದುಕಿರುವವರ ಶುಭಕಾರ್ಯಗಳಿಲ್ಲ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬಂದು ಕೂರುತ್ತಾರೆ. ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುತ್ತೇವೆ. ಅದರ ಕಹಿ ಮಧ್ಯಾಹ್ನದವರೆಗೂ ನಾಲಿಗೆಯಲ್ಲಿರುತ್ತದೆ. ಹೊರಗೆ ಹೆಜ್ಜೆ ಇಡಲಾಗದ ಮಳೆ, ಹಿಂದಿನ ಕಾಲದಲ್ಲಾದರೆ ಕಣಜವೂ ಖಾಲಿ, ಹಲಸಿನ ಬೀಜ ಮತ್ತು ತಜಂಕ್ ಸೊಪ್ಪಿನ ಮೇಲೆ ದಿನ ದೂಡುವ ಕಾಲ. ಬದುಕಿದ ಮದುಮಗಳು ತವರಿನಲ್ಲಿ ಕುಳಿತಿರುವ ತಿಂಗಳಲ್ಲಿಯೇ ತೀರಿಕೊಂಡ ಮದುಮಗಳು ಗಂಡನ ಮನೆಗೆ ಹೊರಡುತ್ತಾಳೆ. ನಿಮ್ಮ ಕಥೆ ಜನವರಿಯಲ್ಲಿ ಆರಂಭವಾದರೆ ದಯವಿಟ್ಟು ಅದನ್ನು ಆಟಿಗೆ ತನ್ನಿ.

ಉತ್ತರ: ಮುಳ್ಳೂರ ಓದುಗಿ

ಮೇಲಿನ ಎರಡೂ ಉತ್ತರಗಳಿಂದ ಬಹಳ ಕಲಿತೆ. ಆದರೂ ನನ್ನ ಮನಸ್ಸನ್ನು ಕೊರೆಯುವ ಒಂದು ಆಕ್ಷೇಪವನ್ನು ಹೇಳದೆ ಇರಲಾರೆ. ಈ ಪುಸ್ತಕವನ್ನು ಓದುವವರು ಹದಿಮೂರು ಹದಿನಾಲ್ಕರ ಹೆಣ್ಣುಮಕ್ಕಳು. ಮದುವೆಯಾಗದೆ ಸತ್ತರೆ ಸತ್ತ ಮೇಲೂ ನೆಮ್ಮದಿಯಿಲ್ಲ, ಮದುವೆ ಮಾಡಿಸಿದರೆ ಮಾತ್ರ ಶಾಂತಿ ಎಂಬ ಮಾತು ಅವರ ಮನಸ್ಸಿಗೆ ಏನನ್ನು ತುಂಬುತ್ತದೆ? ಓದಬೇಕು, ಕೆಲಸಕ್ಕೆ ಹೋಗಬೇಕು ಎನ್ನುವ ಹುಡುಗಿಯರನ್ನು ಹತ್ತನೆಯ ತರಗತಿಗೆ ಬಿಡಿಸಿ ಮದುವೆ ಮಾಡುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ನನ್ನ ಸ್ವಂತ ಅಕ್ಕ ಅಂಥ ಮನೆಯಿಂದಲೇ ಹೋದವಳು. ತೀರಿಕೊಂಡ ಹೆಣ್ಣುಮಗಳೊಬ್ಬಳು ನಾಯಕಿಯ ಬಳಿ ಬಂದು, "ನನಗೆ ಮದುವೆ ಬೇಡ, ನನ್ನ ಹೆಸರಿನಲ್ಲಿ ಬೇರೆ ಏನಾದರೂ ಮಾಡಿ" ಎಂದು ಕೇಳಬಾರದೇ? ಸಹಾಯ ಮಾಡುವವಳು ಸತ್ತವರ ಮಾತನ್ನು ಕೇಳಬೇಕೋ, ಸತ್ತವರಿಗೆ ಏನು ಬೇಕೆಂದು ಬದುಕಿರುವವರು ಮೊದಲೇ ತೀರ್ಮಾನಿಸಿದ್ದನ್ನು ನಡೆಸಿಕೊಡಬೇಕೋ?

ಉತ್ತರ: ಪಾಲೆಮರ

ಮುಳ್ಳೂರ ಓದುಗಿಯವರ ಪ್ರಶ್ನೆ ನ್ಯಾಯವಾದದ್ದು. ಅದನ್ನು ಕೇಳುವುದಕ್ಕೆ ನಾಯಕಿ ನಮ್ಮ ಸಂಪ್ರದಾಯದಿಂದ ಹೊರಗೆ ಹೋಗಬೇಕಾಗಿಲ್ಲ. ಸಿರಿ ಪಾಡ್ದನದ ನಾಯಕಿ ಸಿರಿಯನ್ನು ನೆನಪಿಸಿಕೊಳ್ಳಿ. ತನ್ನನ್ನು ಅವಮಾನಿಸಿದ ಬಸ್ರೂರಿನ ಗಂಡನಿಗೆ 'ಬರ' ಹೇಳಿ, ಅಂದರೆ ಮದುವೆಯ ಕಟ್ಟನ್ನು ತಾನೇ ಹರಿದು, ತಲೆಯೆತ್ತಿ ಹೊರಟು ಬಂದ ಹೆಣ್ಣು ಅವಳು. 1990ರ ಡಿಸೆಂಬರಿನಲ್ಲಿ ಉಜಿರೆಯ ಬಳಿಯ ಮಾಚಾರು ಗೋಪಾಲ ನಾಯ್ಕರು ಆ ಪಾಡ್ದನವನ್ನು ಪೂರ್ತಿ ಹಾಡಿದಾಗ, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ ಅವರೊಂದಿಗೆ ನಮ್ಮ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಇದ್ದ ತಂಡ ಅದನ್ನು ದಾಖಲಿಸಿತು, 15,683 ಸಾಲುಗಳಾದವು. ಅಷ್ಟು ದೀರ್ಘವಾದ ಹಾಡಿನ ಮಧ್ಯದಲ್ಲಿರುವವಳು ಗಂಡನನ್ನು ಬಿಟ್ಟು ಬಂದ ಹೆಣ್ಣು. ಮದುವೆಯೇ ಹೆಣ್ಣಿನ ಕೊನೆಯ ಗತಿ ಎಂದು ತುಳುನಾಡು ಒಂದೇ ದನಿಯಲ್ಲಿ ಹೇಳಿಲ್ಲ.

ಸಿರಿಜಾತ್ರೆಯನ್ನು ಟೀಚರ್ ಒಮ್ಮೆ ನೋಡಬೇಕು. ನಂದಳಿಕೆ, ಹಿರಿಯಡ್ಕ, ಕವತ್ತಾರಿನಂಥ ಆಲಡೆಗಳಲ್ಲಿ (ಸಿರಿಯ ಆರಾಧನೆ ನಡೆಯುವ ಸ್ಥಾನಗಳಲ್ಲಿ) ಹುಣ್ಣಿಮೆಯ ರಾತ್ರಿ ನೂರಾರು ಹೆಂಗಸರು ಬಿಳಿಯ ಸೀರೆಯುಟ್ಟು, ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಸಾಲಾಗಿ ನಿಲ್ಲುತ್ತಾರೆ. ಮೈಮೇಲೆ ಏನೋ ಬರುತ್ತಿದೆ ಎಂದು ವರ್ಷಗಟ್ಟಲೆ ಬಳಲಿದ ಹೊಸ ಹೆಣ್ಣುಮಗಳನ್ನು ಮನೆಯವರು ಕರೆತಂದಾಗ, ಸಿರಿಯ ಮಗ ಕುಮಾರನಾಗಿ ನಿಂತವನು ಅವಳಿಗೆ ಹೊಡೆಯುವುದಿಲ್ಲ, ಓಡಿಸುವುದಿಲ್ಲ. ನೀನು ಯಾರು, ಸಿರಿಯೇ, ಸೊನ್ನೆಯೇ, ಗಿಂಡೆಯೇ, ಅಬ್ಬಗೆಯೇ, ದಾರಗೆಯೇ ಎಂದು ಕೇಳುತ್ತಲೇ ಹೋಗುತ್ತಾನೆ. ಉತ್ತರ ಬಂದ ಕ್ಷಣದಲ್ಲಿ ಅವಳಿಗೆ ಅಲ್ಲಿ ಅಜ್ಜಿ, ತಾಯಿ, ಅಕ್ಕತಂಗಿಯರು ಸಿಗುತ್ತಾರೆ. ಸಾಲಿನಲ್ಲಿ ಅವಳಿಗೊಂದು ಜಾಗ ಸಿಗುತ್ತದೆ. ನಿಮ್ಮ ನಾಯಕಿಯ ವಿದ್ಯೆ ಈ ಕೇಳುವ ವಿದ್ಯೆಯಾಗಿರಲಿ. ತಾನು ಏನು ಬಯಸುತ್ತೇನೆ ಎಂಬುದನ್ನು ಕುಲೆಯೇ ಹೇಳುವವರೆಗೆ ಕೇಳುತ್ತಲೇ ಇರುವ ತಾಳ್ಮೆಯುಳ್ಳವಳು.

ಅಬ್ಬಗೆ ದಾರಗೆಯರ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಅವರು ಅವಳಿ ಹುಡುಗಿಯರು. ಚೆನ್ನೆಮಣೆ, ಅಂದರೆ ಅಳಗುಳಿಮಣೆ ಆಡುತ್ತಾ ಜಗಳವಾಗಿ, ಮಣೆಯ ಏಟಿಗೆ ಒಬ್ಬಳು ಸತ್ತು, ಇನ್ನೊಬ್ಬಳು ಬಾವಿಗೆ ಹಾರಿದಳು ಎಂದು ಪಾಡ್ದನ ಹೇಳುತ್ತದೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆ ಆಡಬಾರದು ಎಂದು ಹಳೆಯ ಮನೆಗಳಲ್ಲಿ ಈಗಲೂ ತಡೆಯುತ್ತಾರೆ. ಆಟಿಯ ಮಳೆಯಲ್ಲಿ ಹೊತ್ತು ಹೋಗಲೆಂದು ಆ ಮಣೆಯನ್ನು ಅಟ್ಟದಿಂದ ಇಳಿಸಿದ ದಿನ ನಿಮ್ಮ ಹುಡುಗಿಯ ಎದುರಿಗೆ ಯಾರು ಬಂದು ಕೂರುತ್ತಾರೆ ಎಂಬುದನ್ನು ಯೋಚಿಸಿ.

ಉತ್ತರ: ಕಿವಿಗೊಡುವವಳು

ನಾನು ಹದಿಹರೆಯದವರೊಂದಿಗೆ ಕೆಲಸ ಮಾಡುವ ಆಪ್ತಸಮಾಲೋಚಕಿ. ನಂಬಿಕೆಯ ಚರ್ಚೆಗೆ ನಾನು ಇಳಿಯುವುದಿಲ್ಲ. ಈ ಪುಸ್ತಕವನ್ನು ಓದುವ ಮಕ್ಕಳ ಪೈಕಿ ಒಬ್ಬಿಬ್ಬರಾದರೂ, "ನನಗೂ ಹೀಗೆ ಕಾಣಿಸುತ್ತದೆ" ಎಂದುಕೊಳ್ಳುವವರು ಇರುತ್ತಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮನೆಯಲ್ಲಿ ಸಾವಾದ ಮೇಲೆ ತೀರಿಕೊಂಡವರ ದನಿ ಕೇಳಿಸುವುದು, ಅವರು ಪಕ್ಕದಲ್ಲಿ ಇದ್ದಾರೆಂದು ಅನಿಸುವುದು, ಒಂದು ಕ್ಷಣ ಕಂಡಂತಾಗುವುದು ಬಹಳ ಜನರ ಅನುಭವ. ಅದೊಂದೇ ಕಾರಣಕ್ಕೆ ಯಾರೂ ಕಾಯಿಲೆಯವರಾಗುವುದಿಲ್ಲ. ನಿದ್ದೆಗೆ ಜಾರುವಾಗ ಅಥವಾ ಎಚ್ಚರಾಗುವಾಗ, ಕೈಕಾಲು ಅಲುಗಿಸಲಾಗದೆ, ಕೋಣೆಯಲ್ಲಿ ಯಾರೋ ನಿಂತಿದ್ದಾರೆಂದು ಕಾಣುವುದಕ್ಕೂ ನಿದ್ದೆಯ ಕಾರ್ಯವಿಧಾನದಲ್ಲಿಯೇ ವಿವರಣೆಯಿದೆ. ಆದರೆ ಹಗಲಿನಲ್ಲಿಯೂ ದನಿಗಳು ಬಿಡದೆ ಕೇಳಿಸುತ್ತಿದ್ದರೆ, ಅವು ಏನನ್ನಾದರೂ ಮಾಡೆಂದು ಆಜ್ಞೆ ಮಾಡುತ್ತಿದ್ದರೆ, ಊಟ, ನಿದ್ದೆ, ಓದು ಬಿದ್ದುಹೋಗುತ್ತಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಹಲವು ಮಾನಸಿಕ ಕಾಯಿಲೆಗಳು ಮೊದಲು ತಲೆಯೆತ್ತುವುದು ಇದೇ ವಯಸ್ಸಿನ ಆಸುಪಾಸಿನಲ್ಲಿ, ಮತ್ತು ಚಿಕಿತ್ಸೆ ಬೇಗ ಸಿಕ್ಕಷ್ಟೂ ಒಳ್ಳೆಯದು. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಇದನ್ನು ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚು ಹಾಕಿಸುವ ಬಗ್ಗೆ ದಯವಿಟ್ಟು ಯೋಚಿಸಿ.

ನಾನು ನೋಡಿಕೊಂಡ ಒಬ್ಬ ಹುಡುಗಿಯನ್ನು, ತಂಗಿಯ ಸಾವಿನ ನಂತರ ಅವಳೊಂದಿಗೆ ಮಾತನಾಡುತ್ತಾಳೆಂಬ ಕಾರಣಕ್ಕೆ, ಮೂರು ದಿನ ಕಟ್ಟಿಹಾಕಿ ಮೆಣಸಿನಕಾಯಿ ಹೊಗೆ ಹಾಕಿದ್ದರು. ದೆವ್ವ ಬಿಡಿಸುವ ನೆಪದಲ್ಲಿ ಹೀಗೆ ಹಿಂಸಿಸುವುದು ನಮ್ಮ ರಾಜ್ಯದ 2017ರ ಕಾಯ್ದೆಯ ಪ್ರಕಾರ ಅಪರಾಧ. ಅದು 2020ರ ಜನವರಿಯಿಂದ ಜಾರಿಯಲ್ಲಿದೆ. ಆ ಹುಡುಗಿ ನನಗೆ ಮೊದಲು ಹೇಳಿದ್ದು ಹೊಗೆಯ ಬಗ್ಗೆ ಅಲ್ಲ. "ಅವಳು ಏನು ಹೇಳಿದಳೆಂದು ಯಾರೂ ಕೇಳಲೇ ಇಲ್ಲ" ಎಂದಳು. ಪಾಲೆಮರ ಅವರು ಬರೆದ ಆ ಕೇಳುವ ವಿದ್ಯೆಯನ್ನು ಓದುವಾಗ ನನಗೆ ಅವಳ ನೆನಪಾಯಿತು.

ಇನ್ನೊಂದು ಕೋರಿಕೆಯಿದೆ. ನಿಮ್ಮ ನಾಯಕಿಗೆ ದಣಿವಾಗಲಿ. ದೊಡ್ಡವರ ದುಃಖಗಳನ್ನೆಲ್ಲ ಹೊತ್ತು ತಿರುಗುವ ಮಕ್ಕಳು ನನ್ನ ಕೋಣೆಗೆ ದಿನವೂ ಬರುತ್ತಾರೆ. ಅವರನ್ನು ಎಲ್ಲರೂ ಬಹಳ ಜಾಣೆ, ಬಹಳ ತಿಳಿವಳಿಕೆಯವಳು ಎಂದು ಹೊಗಳುತ್ತಿರುತ್ತಾರೆ. ನಿಮ್ಮ ಹುಡುಗಿ ಒಂದು ಸಲವಾದರೂ ಕುಲೆಯೊಂದಕ್ಕೆ, "ನಾಳೆ ನನಗೆ ಗಣಿತದ ಪರೀಕ್ಷೆ ಇದೆ, ಇವತ್ತು ಆಗುವುದಿಲ್ಲ" ಎಂದು ಹೇಳಲಿ. ಆ ಕುಲೆ ಕೋಪಿಸಿಕೊಳ್ಳದೆ ಹಿಂದಿರುಗಲಿ. ಅವಳ ಮಾತು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಆತುರವಿಲ್ಲದೆ ಅವಳ ಪಕ್ಕದಲ್ಲಿ ಕೂರುವ ಒಬ್ಬ ದೊಡ್ಡವರೂ ಕಥೆಯಲ್ಲಿರಲಿ.

ಉತ್ತರ: ಘಟ್ಟದ ಮೇಲಿನವಳು

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ಎಂದು ತಿಳಿಯುತ್ತಿಲ್ಲ. ಹಳೆಯ ಎಂಬತ್ತು ಪುಟಗಳನ್ನು ಕಟ್ಟಿ ಮೇಲಿಟ್ಟಿದ್ದೇನೆ. ಈ ವಾರ ಹೊಸದಾಗಿ ಆರಂಭಿಸಿದೆ.

ಕಥೆ ಈಗ ಆಟಿಯ ಮೊದಲ ವಾರದಲ್ಲಿ ತೆರೆಯುತ್ತದೆ. ಮಳೆಗೆ ಶಾಲೆಗೆ ರಜೆ ಕೊಟ್ಟಿದ್ದಾರೆ. ಹುಡುಗಿ ಅಟ್ಟದಿಂದ ಚೆನ್ನೆಮಣೆಯನ್ನು ಇಳಿಸಿ, ಜೊತೆಗೆ ಆಡಲು ಯಾರೂ ಇಲ್ಲದೆ ಒಬ್ಬಳೇ ಎರಡೂ ಬದಿಯ ಗುಳಿಗಳಿಗೆ ಕಾಯಿ ಹಾಕುತ್ತಿರುತ್ತಾಳೆ. ಎದುರಿಗೆ ತನ್ನದೇ ವಯಸ್ಸಿನ ಹುಡುಗಿಯೊಬ್ಬಳು ಬಂದು ಕೂರುತ್ತಾಳೆ. ಚೆನ್ನೆಮಣೆ ಅವರು ಸತ್ತವರೂ ಬೆಳೆಯುತ್ತಾರೆಂದು ಬರೆದದ್ದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಂದು ಕೂತವಳು ಯಾರೆಂದು ಆಗಲೇ ತಿಳಿಯಿತು. ಅವಳು ನಾಯಕಿಯ ಅವಳಿ, ಹುಟ್ಟಿದ ದಿನವೇ ತೀರಿಕೊಂಡವಳು. ಹದಿನೈದು ವರ್ಷ ಅವಳೂ ಬೆಳೆದಿದ್ದಾಳೆ. ಅಂಥದೊಂದು ಮಗು ಇತ್ತೆಂದು ಮನೆಯಲ್ಲಿ ಯಾರೂ ನಾಯಕಿಗೆ ಹೇಳಿಲ್ಲ. ಅಕ್ಕತಂಗಿಯರು ಚೆನ್ನೆ ಆಡಬಾರದೆಂಬ ನಿಯಮ ತಮಗೆ ಅನ್ವಯಿಸುತ್ತದೆ ಎಂಬುದು ಆ ಹೊತ್ತಿಗೆ ಅವಳಿಗೆ ಗೊತ್ತೇ ಇಲ್ಲ.

ಮುಳ್ಳೂರ ಓದುಗಿಯವರೇ, ಈ ಅವಳಿ ಹುಡುಗಿಗೆ ಮದುವೆ ಬೇಕಾಗಿಲ್ಲ, ಸದ್ಯಕ್ಕಂತೂ ಅಲ್ಲ. ಅವಳು ಒಳಗೆ ಬರಬೇಕು ಎನ್ನುತ್ತಾಳೆ. ಬಾಗಿಲವರೆಗೆ ಬಂದವಳು ಹೊಸ್ತಿಲು ದಾಟಲಾರಳು, ಏಕೆಂದರೆ ಅವಳನ್ನು ಯಾರೂ ಕರೆದಿಲ್ಲ. ಆದ್ದರಿಂದ ಚೆನ್ನೆಯ ಆಟ ನಡೆಯುವುದು ಜಗಲಿಯಲ್ಲಿ, ಮಳೆಯ ಎರಚಲು ಬೀಳುವ ಕಡೆ ಅವಳು, ಒಣಗಿದ ಕಡೆ ಇವಳು.

ಇಲ್ಲಿ ನಾನು ಮತ್ತೆ ಸಿಕ್ಕಿಕೊಂಡಿದ್ದೇನೆ. ಹೆಸರು ಹಿಡಿದು ಒಳಗೆ ಕರೆಯುತ್ತಾರೆ ಎಂದು ಪಾಲೆಮರ ಅವರು ಬರೆದಿದ್ದಾರೆ. ಹುಟ್ಟಿದ ದಿನವೇ ತೀರಿಕೊಂಡ ಮಗುವಿಗೆ ಹೆಸರೇ ಇಟ್ಟಿರುವುದಿಲ್ಲವಲ್ಲ, ಅಂಥವಳನ್ನು ಏನೆಂದು ಕರೆಯುತ್ತಾರೆ? ಚೆನ್ನೆಮಣೆ ಅವರೇ, ನಿಮ್ಮ ಚಿಕ್ಕಮ್ಮನಿಗೂ ಹತ್ತು ದಿನಕ್ಕೆ ಹೆಸರಿಟ್ಟಿರಲಾರರು. ಧಾರೆಯ ಹೊತ್ತಿನಲ್ಲಿ ಏನೆಂದು ಕರೆದರು? ನೆನಪಿಸಿಕೊಳ್ಳಲು ಕಷ್ಟವಾಗುವುದಾದರೆ ಹೇಳಬೇಡಿ.

ಉತ್ತರ: ಚೆನ್ನೆಮಣೆ

ಕಷ್ಟವೇನೂ ಇಲ್ಲ. ನಿಮ್ಮ ಪ್ರಶ್ನೆಯನ್ನು ಓದಿ ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ, ನನಗೂ ಗೊತ್ತಿರಲಿಲ್ಲ. ಮದುವೆಗೆ ಒಂದು ಹೆಸರು ಬೇಕೆಂದು ಹಿರಿಯರು ಅಜ್ಜಿಯ ಮುಂದೆ ಮೂರು ನಾಲ್ಕು ಹೆಸರುಗಳನ್ನು ಇಟ್ಟರಂತೆ. ಅಜ್ಜಿ ಯಾವುದನ್ನೂ ಒಪ್ಪಲಿಲ್ಲ. ಆ ಹತ್ತು ದಿನ ಮಡಿಲಲ್ಲಿಟ್ಟುಕೊಂಡು ತಾನು ಅವಳನ್ನು 'ಬಾಲೆ' ಎಂದು ಕರೆಯುತ್ತಿದ್ದೆ, ಅವಳಿಗೆ ಗೊತ್ತಿರುವುದು ಆ ಹೆಸರೊಂದೇ, ಬೇರೆ ಹೆಸರಿನಿಂದ ಕರೆದರೆ ತನ್ನನ್ನೇ ಕರೆಯುತ್ತಿದ್ದಾರೆಂದು ಅವಳಿಗೆ ಹೇಗೆ ತಿಳಿಯಬೇಕು ಎಂದರಂತೆ. ತುಳುವಿನಲ್ಲಿ ಬಾಲೆ ಎಂದರೆ ಕೂಸು. ಇಪ್ಪತ್ತಾರು ವರ್ಷದ ಮದುಮಗಳನ್ನು ಅಂದು ಎಲ್ಲರೂ ಬಾಲೆ ಎಂದೇ ಕರೆದರು.